ನಡಾವಳಿ ಪುಸ್ತಕದ ಒಂದು ಪುಟ: ದಿನಸಿ ವರ್ತಕರಿಗೆ ಬಹಿರಂಗ ಪತ್ರ

ರಾಜ್ಯದ ದಿನಸಿ ಅಂಗಡಿಗಳ ಮಾಲೀಕರು, ಡಿಸ್ಟ್ರಿಬ್ಯೂಟರುಗಳು ಮತ್ತು ಅವರ ಸಂಘಗಳ ಪದಾಧಿಕಾರಿಗಳಿಗೆ,



ಮೂವತ್ತಕ್ಕೂ ಹೆಚ್ಚು ವರ್ಷ ನಿಮ್ಮಂಥವರ ಲೆಕ್ಕ ಬರೆದು ಹೊಟ್ಟೆ ಹೊರೆದವನು ನಾನು. ಸೇಲ್ಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂದಾಗಲೂ, ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗಲೂ ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಬೈಸಿಕೊಂಡಿದ್ದೇನೆ. ಆ ಸಲಿಗೆಯಿಂದಲೇ ಈ ಪತ್ರ.

ಈಚೆಗೆ ನಮ್ಮೂರಿನ ವರ್ತಕರ ಸಭೆಗೆ ಹೋಗಿದ್ದೆ. ಹಿರಿಯ ವ್ಯಾಪಾರಿಯೊಬ್ಬರು ಎದ್ದು ನಿಂತು ಮೊಬೈಲ್ ಎತ್ತಿ ತೋರಿಸಿದರು. ಒಂದು ಲೀಟರ್ ಅಡುಗೆ ಎಣ್ಣೆ. ಅವರು ಡಿಸ್ಟ್ರಿಬ್ಯೂಟರಿಗೆ ದುಡ್ಡು ಕಟ್ಟಿ ಇಳಿಸಿಕೊಂಡ ರೇಟಿಗಿಂತ ಕಡಿಮೆಗೆ, ಅದೂ ಹತ್ತು ನಿಮಿಷದಲ್ಲಿ ಗಿರಾಕಿಯ ಮನೆ ಬಾಗಿಲಿಗೆ. "ಇದನ್ನ ಕೇಳೋ ಕಾನೂನೇ ಇಲ್ವಾ ಸ್ವಾಮಿ?" ಎಂದರು. ಇಡೀ ಸಭೆ ನನ್ನ ಕಡೆ ತಿರುಗಿತು. ಅಲ್ಲಿ ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಕಾನೂನು ಇದೆ, ಆದರೆ ನೀವು ಅಂದುಕೊಂಡಿರುವ ಕೆಲಸಕ್ಕಲ್ಲ ಎಂಬ ಮಾತನ್ನು ಆ ಬಿಸಿಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಈಗ ಹೇಳುತ್ತೇನೆ.

ಕಾನೂನಿನ ಹೆಸರು ಸ್ಪರ್ಧಾ ಕಾಯ್ದೆ, 2002. ಅದನ್ನು ಜಾರಿ ಮಾಡುವುದು ದೆಹಲಿಯಲ್ಲಿರುವ ಭಾರತೀಯ ಸ್ಪರ್ಧಾ ಆಯೋಗ. ಹಳೆಯ 1969ರ ಏಕಸ್ವಾಮ್ಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ಒಪ್ಪಂದ ಮತ್ತು ಪ್ರಾಬಲ್ಯದ ದುರ್ಬಳಕೆಗೆ ಸಂಬಂಧಿಸಿದ ಭಾಗ 2009ರ ಮೇ ತಿಂಗಳಲ್ಲಿ, ಕಂಪನಿಗಳ ವಿಲೀನವನ್ನು ಪರಿಶೀಲಿಸುವ ಭಾಗ 2011ರ ಜೂನ್‌ನಲ್ಲಿ ಜಾರಿಗೆ ಬಂತು. 2023ರ ತಿದ್ದುಪಡಿಯಿಂದ ಇಡೀ ಕಾಯ್ದೆಗೆ ಹೊಸ ಹಲ್ಲು ಬಂದಿದೆ. ಆದರೆ ಒಂದು ಮಾತು ಮೊದಲಿನಿಂದಲೂ ಬದಲಾಗಿಲ್ಲ. ಈ ಕಾಯ್ದೆ ಕಾಯುವುದು ಸ್ಪರ್ಧೆಯನ್ನು, ಸ್ಪರ್ಧಿಯನ್ನಲ್ಲ. ನಿಮ್ಮ ಅಂಗಡಿ ಮುಚ್ಚಿತು ಎಂದ ಮಾತ್ರಕ್ಕೆ ಆಯೋಗ ಎದ್ದು ಕೂರುವುದಿಲ್ಲ. ಮುಚ್ಚಿಸಿದ ರೀತಿ ಯಾವುದು ಎಂದು ಕೇಳುತ್ತದೆ.

ಅಗ್ಗಕ್ಕೆ ಮಾರುವುದು ಅಪರಾಧವಲ್ಲ. ನಷ್ಟಕ್ಕೆ ಮಾರುವುದೂ ತನ್ನಷ್ಟಕ್ಕೆ ಅಪರಾಧವಲ್ಲ. ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇರುವವನು, ಎದುರಾಳಿಯನ್ನು ಓಡಿಸುವ ಉದ್ದೇಶದಿಂದ, ವೆಚ್ಚಕ್ಕಿಂತ ಕಡಿಮೆಗೆ ಮಾರಿದರೆ ಮಾತ್ರ ಅದು ದುರ್ಬಳಕೆ. ಈ ಮೂರರಲ್ಲಿ ಒಂದು ಕಳಚಿದರೂ ದೂರು ಬಿದ್ದುಹೋಗುತ್ತದೆ. ಬೆಂಗಳೂರಿನವರಿಗೆ ಇದು ಹೊಸ ಪಾಠವೇನಲ್ಲ. ಓಲಾ ಕಂಪನಿ ಚಾಲಕರಿಗೆ ಪ್ರೋತ್ಸಾಹಧನ, ಪ್ರಯಾಣಿಕರಿಗೆ ರಿಯಾಯಿತಿ ಸುರಿದು ತಮ್ಮನ್ನು ಮುಗಿಸುತ್ತಿದೆ ಎಂದು ಮೇರು ಮತ್ತು ಫಾಸ್ಟ್ ಟ್ರ್ಯಾಕ್ ಟ್ಯಾಕ್ಸಿ ಸಂಸ್ಥೆಗಳು ಬೆಂಗಳೂರಿನ ಮಾರುಕಟ್ಟೆಯನ್ನೇ ಮುಂದಿಟ್ಟು ಆಯೋಗಕ್ಕೆ ದೂರು ಕೊಟ್ಟಿದ್ದವು. ತನಿಖೆ ನಡೆಯಿತು. 2017ರ ಜುಲೈನಲ್ಲಿ ಆಯೋಗ ದೂರನ್ನು ಮುಗಿಸಿತು. ಊಬರ್ ಅಷ್ಟು ಬೇಗ ಬೆಳೆಯುತ್ತಿರುವಾಗ ಓಲಾಗೆ ಪ್ರಾಬಲ್ಯ ಇದೆ ಎನ್ನಲಾಗದು ಎಂಬುದು ಕಾರಣ. ಇಬ್ಬರು ದೊಡ್ಡವರ ಗುದ್ದಾಟದಲ್ಲಿ ಮೂರನೆಯವನು ಜಜ್ಜಿಹೋದರೆ ಅದಕ್ಕೆ ಈ ಕಾಯ್ದೆಯಲ್ಲಿ ಕಲಮು ಇಲ್ಲ. ಇಬ್ಬರೋ ಮೂವರೋ ಸೇರಿ ಪ್ರಬಲರು ಎಂಬ 'ಜಂಟಿ ಪ್ರಾಬಲ್ಯ'ವನ್ನು ನಮ್ಮ ಕಾನೂನು ಇನ್ನೂ ಒಪ್ಪಿಕೊಂಡಿಲ್ಲ. ನಿಮ್ಮ ಬೀದಿಯ ಹಿಂದಿನ ಗೋಡೌನಿನಲ್ಲಿ, ಆ್ಯಪ್ ಆರ್ಡರಿಗಷ್ಟೇ ಮಾಲು ತುಂಬಿಡುವ ಡಾರ್ಕ್ ಸ್ಟೋರ್ ತೆರೆದಿರುವ ಕಂಪನಿಗಳೂ ಒಂದಲ್ಲ, ಎರಡು ಮೂರು. ಅವು ಒಂದರ ಮೇಲೊಂದು ಬಿದ್ದು ಬಡಿದಾಡುತ್ತಿವೆ. ಓಲಾ ಕತೆ ನೆನಪಿಡಿ.

ವೆಚ್ಚ ಲೆಕ್ಕ ಹಾಕುವ ನಿಯಮವನ್ನು ಆಯೋಗ 2025ರ ಮೇ ತಿಂಗಳಲ್ಲಿ ಹೊಸದಾಗಿ ಹೊರಡಿಸಿದೆ, 2009ರದ್ದು ಹೋಯಿತು. ಮಾಲು ಹೆಚ್ಚು ಮಾರಿದಂತೆಲ್ಲ ಏರುವ ಖರ್ಚು ಇದೆಯಲ್ಲ, ಅದರ ಸರಾಸರಿಯೇ ಸಾಮಾನ್ಯವಾಗಿ ಅಳತೆಗೋಲು. ಆನ್‌ಲೈನ್ ವ್ಯಾಪಾರಕ್ಕೆಂದೇ ಬೇರೆ ಸೂತ್ರ ಬರೆಯಲಿಲ್ಲ, ಆಯಾ ಪ್ರಕರಣ ನೋಡಿಕೊಂಡು ನಿರ್ಧರಿಸುತ್ತಾರಂತೆ. ಲೆಕ್ಕದವನಾಗಿ ನನ್ನ ಅನಿಸಿಕೆ ಕೇಳಿದರೆ, ಡೆಲಿವರಿ ಹುಡುಗನ ಕೂಲಿ, ಡಾರ್ಕ್ ಸ್ಟೋರಿನ ಬಾಡಿಗೆ, ಬ್ರ್ಯಾಂಡುಗಳು ಜಾಹೀರಾತಿಗೆಂದು ಆ ಆ್ಯಪ್‌ಗಳಿಗೆ ಕೊಡುವ ಹಣ, ಇವುಗಳಲ್ಲಿ ಯಾವುದನ್ನು ಯಾವ ಕಲಮಿಗೆ ಬರೆಯುತ್ತೀರಿ ಎಂಬುದರ ಮೇಲೆ ಲಾಭ ನಷ್ಟ ಎರಡನ್ನೂ ತೋರಿಸಬಹುದು. ನಾನೇ ತೋರಿಸಿಕೊಡಬಲ್ಲೆ, ಬೇಕಾದರೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ರೇಟಿನ ಬೆನ್ನು ಹತ್ತುವುದನ್ನು ಬಿಟ್ಟು ಒಪ್ಪಂದದ ಬೆನ್ನು ಹತ್ತಬೇಕು. ತಯಾರಕ ಮತ್ತು ಮಾರಾಟಗಾರರ ನಡುವಿನ ಒಪ್ಪಂದ, ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಕೊಡದ ಮಾಲು, ಒಂದೇ ಕಡೆ ಬಿಡುಗಡೆ, ಆಯ್ದವರಿಗೆ ಮಾತ್ರ ವಿಶೇಷ ಸ್ಥಾನ, ಇವುಗಳಿಂದ ಸ್ಪರ್ಧೆಗೆ ಪೆಟ್ಟು ಬಿತ್ತೆಂದು ತೋರಿಸಿದರೆ ಸಾಕು. ಅಲ್ಲಿ ಪ್ರಾಬಲ್ಯದ ಪ್ರಶ್ನೆ ಬೇಕಾಗುವುದಿಲ್ಲ. ಮೊಬೈಲ್ ಮಾರಾಟದ ವಿಷಯದಲ್ಲಿ ದೆಹಲಿ ವ್ಯಾಪಾರ್ ಮಹಾಸಂಘದವರು ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ಹೋದದ್ದು ಈ ದಾರಿಯಲ್ಲೇ. ಅವರು ನಿಮ್ಮಂಥ ವ್ಯಾಪಾರಿಗಳೇ, ದೊಡ್ಡ ಕಂಪನಿಯಲ್ಲ. 2020ರ ಜನವರಿ 13ರಂದು ಆಯೋಗ ತನಿಖೆಗೆ ಆದೇಶಿಸಿತು.

ಅಲ್ಲಿಂದ ಮುಂದಿನದು ನಮ್ಮ ಊರಿನ ಕತೆ. ಒಂದೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ತನಿಖೆಗೆ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ ಕಂಪನಿಗಳ ಅರ್ಜಿಗಳನ್ನು ವಜಾ ಮಾಡಿತು. ಜುಲೈನಲ್ಲಿ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ತನಿಖೆ ಮುಗಿದು 2024ರಲ್ಲಿ ವರದಿ ಬಂತು, ಕಾಯ್ದೆ ಉಲ್ಲಂಘನೆಯಾಗಿದೆ ಎಂದು ಅದರಲ್ಲಿದೆಯೆಂದು ಪತ್ರಿಕೆಗಳಲ್ಲಿ ಓದಿದೆವು. ಕೂಡಲೇ ಆ ತಾಣಗಳಲ್ಲಿ ಮಾರುವವರು, ಫೋನ್ ಕಂಪನಿಯವರು ದೇಶದ ಬೇರೆ ಬೇರೆ ಹೈಕೋರ್ಟುಗಳಿಗೆ ಓಡಿದರು. ಆಯೋಗ ಸುಪ್ರೀಂ ಕೋರ್ಟಿಗೆ ಹೋಗಿ, ಇವನ್ನೆಲ್ಲ ಒಂದೆಡೆ ಕೂಡಿಸಿ ಎಂದು ಕೇಳಿತು. 2025ರ ಜನವರಿಯಲ್ಲಿ ಅವೆಲ್ಲ ಕರ್ನಾಟಕ ಹೈಕೋರ್ಟಿಗೇ ಬಂದವು. ಐದು ವರ್ಷ ತಿರುಗಿ ಗಾಡಿ ಹೊರಟ ನಿಲ್ದಾಣಕ್ಕೇ ಬಂದು ನಿಂತಿತು. ಈ ನಡುವೆ ಎಷ್ಟು ಮೊಬೈಲ್ ಅಂಗಡಿಗಳ ಷಟರ್ ಇಳಿದಿದೆ ಎಂದು ನಿಮ್ಮ ಪೇಟೆಬೀದಿಯಲ್ಲೇ ಎಣಿಸಿಕೊಳ್ಳಿ.

ತಡವಾಗುತ್ತದೆ ಎಂಬುದು ಬರೀ ನಿಮ್ಮ ಗೋಳಲ್ಲ. ಸಿಮೆಂಟ್ ಕಂಪನಿಗಳು ಕೂಡಿಕೊಂಡು ರೇಟು ಏರಿಸಿದವೆಂದು ಆಯೋಗ 6,000 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿದ್ದು 2012ರಲ್ಲಿ. ವಿಚಾರಣೆಯ ಕ್ರಮ ಸರಿಯಿಲ್ಲವೆಂದು ಅದು ರದ್ದಾಯಿತು, 2016ರಲ್ಲಿ ಮತ್ತೆ ದಂಡ ಬಿತ್ತು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು, ಬಳಿಕ ಸುಪ್ರೀಂ ಕೋರ್ಟ್. ಆ ವರ್ಷಗಳಲ್ಲಿ ಮನೆ ಕಟ್ಟಿಸಿದವನ ಮಗ ಈಗ ಮಹಡಿ ಏರಿಸುತ್ತಿರಬಹುದು. ಈ ಎಳೆದಾಟಕ್ಕೆ ಔಷಧವಾಗಿ 2023ರ ತಿದ್ದುಪಡಿ ಎರಡು ಕೆಲಸ ಮಾಡಿದೆ. ಮೇಲ್ಮನವಿಗೆ ಹೋಗುವವರು ದಂಡದ ಕಾಲು ಭಾಗವನ್ನು ಮೊದಲೇ ಕಟ್ಟಬೇಕು. ಇನ್ನೊಂದು, ರಾಜಿ. ತನಿಖೆಗೊಳಗಾದ ಕಂಪನಿಯೇ ಮುಂದೆ ಬಂದು, ಇಷ್ಟು ಹಣ ಕಟ್ಟುತ್ತೇನೆ, ನಡತೆ ಹೀಗೆ ತಿದ್ದಿಕೊಳ್ಳುತ್ತೇನೆ ಎಂದರೆ ಆಯೋಗ ಒಪ್ಪಬಹುದು. 2024ರ ಮಾರ್ಚ್‌ನಿಂದ ಈ ಬಾಗಿಲು ತೆರೆದಿದೆ, ಕೂಟ ಕಟ್ಟಿಕೊಂಡು ರೇಟು ಗೊತ್ತು ಮಾಡಿದವರಿಗೆ ಮಾತ್ರ ಇಲ್ಲ. ಮೊದಲು ಬಳಸಿಕೊಂಡದ್ದು ಗೂಗಲ್. ಆಂಡ್ರಾಯ್ಡ್ ಟಿವಿ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ 20.24 ಕೋಟಿ ರೂಪಾಯಿಗೆ ಇತ್ಯರ್ಥವಾಯಿತು. ಅದೇ ಗೂಗಲ್‌ಗೆ 2022ರ ಅಕ್ಟೋಬರ್‌ನಲ್ಲಿ ಮೊಬೈಲ್ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ದಂಡ ಬಿದ್ದಿತ್ತು. ಎರಡೂ ಬೇರೆ ಬೇರೆ ಪ್ರಕರಣ, ತಕ್ಕಡಿಗೆ ಹಾಕುವಂತಿಲ್ಲ. ಆದರೂ ನನ್ನ ಕಣ್ಣು ಅಂಕಿಗಳ ಮೇಲೇ ಹೋಗುತ್ತದೆ, ಹಳೆಯ ಚಾಳಿ.

ನಾಳೆ ನಿಮ್ಮ ದೂರಿನಲ್ಲೂ ಹೀಗೊಂದು ರಾಜಿ ಪ್ರಸ್ತಾಪ ಬರಬಹುದು. ಆಗ ದೂರುದಾರರಿಗೂ ಬಾಧಿತರಿಗೂ ಆಕ್ಷೇಪ ಹೇಳುವ ಅವಕಾಶ ಇದೆ. ಇತ್ಯರ್ಥವಾದ ಮೇಲೂ ನಷ್ಟ ಪರಿಹಾರ ಕೇಳುವ ಹಕ್ಕು ಇದೆ. ಯಾವ ಸಂಘದ ಕಚೇರಿಯಲ್ಲಿ ಇದನ್ನು ಗಮನಿಸುವವರು ಇದ್ದಾರೆ ಹೇಳಿ? ದೂರು ಕೊಡಲು ಈಗ ಮೂರು ವರ್ಷದ ಗಡುವೂ ಬಂದಿದೆ. 'ನೋಡೋಣ, ಮುಂದಿನ ವರ್ಷ ಮಾಡೋಣ' ಎಂಬ ನಮ್ಮ ಸಂಘಗಳ ಧಾಟಿ ಈ ಕಾಯ್ದೆಗೆ ಒಗ್ಗುವುದಿಲ್ಲ.

ವಿಲೀನದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀವು ಎಲ್ಲಕ್ಕಿಂತ ಹೆಚ್ಚು ಮೈಮರೆಯುವುದು ಇಲ್ಲೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ಪೇಪರಿನಲ್ಲಿ ಓದಿ ಪುಟ ತಿರುಗಿಸುತ್ತೀರಿ, ಎರಡು ವರ್ಷದ ನಂತರ ಆ ಕಂಪನಿಯ ಸೇಲ್ಸ್‌ಮನ್ ಬಂದು ನಿಮ್ಮ ಮಾರ್ಜಿನ್ ಕತ್ತರಿಸಿದಾಗ ಮೈ ಉರಿಯುತ್ತದೆ. ಕೋಟೆ ಬಾಗಿಲು ಇರುವುದು ಖರೀದಿಯ ಹೊತ್ತಿನಲ್ಲಿ.

2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ವಾಟ್ಸ್‌ಆ್ಯಪ್ ಕೊಳ್ಳಲು ಹೊರಟಾಗ ಆ ವ್ಯವಹಾರ ನಮ್ಮ ಆಯೋಗದ ಮುಂದೆ ಬರಲೇ ಇಲ್ಲ. ಆಗಿನ ನಿಯಮ ನೋಡುತ್ತಿದ್ದುದು ಆಸ್ತಿ ಎಷ್ಟು, ವಹಿವಾಟು ಎಷ್ಟು ಎಂಬುದನ್ನು ಮಾತ್ರ. ಹೆಚ್ಚುಕಡಿಮೆ ಪುಕ್ಕಟೆಯಾಗಿ ಸೇವೆ ಕೊಡುವ ಕಂಪನಿಗೆ ವಹಿವಾಟು ಎಲ್ಲಿಂದ ಬರಬೇಕು? ಕೋಟ್ಯಂತರ ಭಾರತೀಯರ ಮಾತುಕತೆ ಕೈ ಬದಲಾಯಿಸಿದ್ದು ಯಾವ ಲೆಡ್ಜರಿನಲ್ಲೂ ಬರಲಿಲ್ಲ. ಹತ್ತು ವರ್ಷ ಕಳೆದು 2024ರ ನವೆಂಬರ್‌ನಲ್ಲಿ, ಬಳಕೆದಾರರ ಮಾಹಿತಿ ಹಂಚಿಕೊಳ್ಳುವ 2021ರ ನೀತಿಗಾಗಿ ಆಯೋಗ, ಈಗ ಮೆಟಾ ಎಂದು ಕರೆಸಿಕೊಳ್ಳುವ ಅದೇ ಫೇಸ್‌ಬುಕ್ ಕಂಪನಿಗೆ 213.14 ಕೋಟಿ ದಂಡ ಹಾಕಿತು, ಜಾಹೀರಾತಿಗಾಗಿ ಮಾಹಿತಿ ಹಂಚಿಕೊಳ್ಳುವುದನ್ನು ಐದು ವರ್ಷ ನಿಷೇಧಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಉಳಿಸಿ ನಿಷೇಧ ತೆಗೆದುಹಾಕಿತು. ಬಾಗಿಲಲ್ಲಿ ಕೇಳಬೇಕಿದ್ದ ಪ್ರಶ್ನೆಯನ್ನು ಪಡಸಾಲೆಯಲ್ಲಿ ಕೇಳಿದರೆ ಹೀಗೇ ಆಗುವುದು.

ಆ ಕಿಂಡಿ ಈಗ ಮುಚ್ಚಿದೆ. 2024ರ ಸೆಪ್ಟೆಂಬರ್ 10ರಿಂದ, ವ್ಯವಹಾರದ ಬೆಲೆ 2,000 ಕೋಟಿ ರೂಪಾಯಿ ದಾಟಿದರೆ ಮತ್ತು ಕೊಳ್ಳಲ್ಪಡುವ ಕಂಪನಿಗೆ ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ, ಆಸ್ತಿ ವಹಿವಾಟು ಎಷ್ಟೇ ಸಣ್ಣದಿದ್ದರೂ ಆಯೋಗದ ಒಪ್ಪಿಗೆ ಬೇಕು. ಜೊತೆಗೆ ಪರಿಶೀಲನೆಯ ಗರಿಷ್ಠ ಅವಧಿ 210 ದಿನದಿಂದ 150ಕ್ಕೆ ಇಳಿದಿದೆ. ಮೊದಲ ಅಭಿಪ್ರಾಯಕ್ಕೆ 30 ದಿನ, ಭಾನುವಾರ ಹಬ್ಬ ಎಲ್ಲ ಸೇರಿ. ಕಂಪನಿಗಳಿಗೆ ಇದು ಸಂತೋಷದ ಸುದ್ದಿ. ನಿಮಗೆ ಎಚ್ಚರಿಕೆಯ ಸುದ್ದಿ, ಏಕೆಂದರೆ ಬಹುಪಾಲು ಕಡತಗಳ ಹಣೆಬರಹ ಆ ಮೊದಲ ಹಂತದಲ್ಲೇ ಮುಗಿಯುತ್ತದೆ. ಸಲ್ಲಿಕೆಯಾದ ಅರ್ಜಿಗಳ ಸಾರಾಂಶವನ್ನು ಆಯೋಗ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಇಂಗ್ಲಿಷಿನಲ್ಲಿ ಹಾಕುತ್ತದೆ ಎಂಬುದು ನನ್ನ ಬೇರೆಯೇ ಒಂದು ಜಗಳ, ಅದು ಇನ್ನೊಂದು ಪತ್ರಕ್ಕಿರಲಿ.

ಬೆಂಗಳೂರಿನ ಫ್ಲಿಪ್‌ಕಾರ್ಟನ್ನು ವಾಲ್‌ಮಾರ್ಟ್ ಕೊಂಡಾಗ, 2018ರಲ್ಲಿ, ವ್ಯಾಪಾರಿ ಸಂಘಗಳು ವಿರೋಧಿಸಿದವು, ಸುಮ್ಮನಿರಲಿಲ್ಲ. ಆದರೆ ಅವರು ಎತ್ತಿದ ಬಹುಪಾಲು ಮಾತು ರಿಯಾಯಿತಿ ಮತ್ತು ವಿದೇಶಿ ಬಂಡವಾಳದ್ದು. ಅದು ಈ ವಿಲೀನದಿಂದ ಹುಟ್ಟಿದ ಪ್ರಶ್ನೆಯಲ್ಲ, ಬಂಡವಾಳ ನೀತಿಯ ಕಡೆ ಹೇಳಿಕೊಳ್ಳಿ ಎಂಬರ್ಥದಲ್ಲಿ ಆಯೋಗ ಒಪ್ಪಿಗೆ ಕೊಟ್ಟಿತು. ಬೇಸರವಾದರೂ ನಿಜ, ತಪ್ಪು ಕಿಟಕಿಯ ಮುಂದೆ ಕ್ಯೂ ನಿಂತಿದ್ದೆವು. ಇದಕ್ಕೆ ವಿರುದ್ಧದ ಉದಾಹರಣೆಯೂ ಇದೆ. ಫ್ಯೂಚರ್ ಸಮೂಹದ ಕಂಪನಿಯೊಂದರಲ್ಲಿ ಅಮೆಜಾನ್ ಹಣ ಹೂಡಲು 2019ರಲ್ಲಿ ಸಿಕ್ಕಿದ್ದ ಒಪ್ಪಿಗೆಯನ್ನು ಆಯೋಗ 2021ರ ಡಿಸೆಂಬರ್‌ನಲ್ಲಿ ಅಮಾನತಿನಲ್ಲಿಟ್ಟಿತು, 202 ಕೋಟಿ ದಂಡ ಹಾಕಿತು. ಹೂಡಿಕೆಯ ನಿಜವಾದ ಉದ್ದೇಶವನ್ನು ಮುಚ್ಚಿಟ್ಟಿದ್ದೇ ಕಾರಣ. ಅಲ್ಲಿ ಕೆಲಸ ಮಾಡಿದ್ದು ಘೋಷಣೆಯಲ್ಲ, ಆ ಕಂಪನಿಯದೇ ಒಳಗಿನ ಕಾಗದಪತ್ರ.

ಇಷ್ಟು ಹೊತ್ತು ಅವರ ಕಡೆ ಬೆರಳು ತೋರಿಸಿದ್ದಾಯಿತು. ಈಗ ಈ ಪತ್ರ ಬರೆಯಲು ಕುಳಿತ ನಿಜವಾದ ಕಾರಣಕ್ಕೆ ಬರುತ್ತೇನೆ.

ಆ ಸಭೆಯ ಕೊನೆಗೆ ಯಾರೋ ಒಂದು ನಿರ್ಣಯ ಮಂಡಿಸಿದರು. ಆನ್‌ಲೈನ್‌ನವರಿಗೆ ಕಡಿಮೆ ರೇಟಿಗೆ ಕೊಡುವ ಕಂಪನಿಯ ಮಾಲನ್ನು ಸಂಘದ ಯಾವ ಸದಸ್ಯನೂ ಎತ್ತಬಾರದು, ಎತ್ತಿದವನಿಗೆ ದಂಡ. ಚಪ್ಪಾಳೆ ಬಿತ್ತು. ನನಗೆ ಹಳೆಯದೊಂದು ನಡಾವಳಿ ಪುಸ್ತಕ ಕಣ್ಣ ಮುಂದೆ ಬಂತು. ಉದ್ದನೆಯ ಕೆಂಪು ಬೈಂಡಿನದು. 'ಇಂದಿನಿಂದ ಸದಸ್ಯರು ಚಿಲ್ಲರೆ ಅಂಗಡಿಗಳಿಗೆ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ಸ್ಕೀಮ್ ಕೊಡತಕ್ಕದ್ದಲ್ಲ' ಎಂದು ಅದರ ಒಂದು ಪುಟದಲ್ಲಿದೆ. ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಸಹಿ. ಅಕ್ಷರ ನನ್ನದೇ. ಸಂಘದ ಲೆಕ್ಕ ಬರೆಯುತ್ತಿದ್ದವನಿಗೆ ನಡಾವಳಿಯನ್ನೂ ಬರೆಯುವ ಕೆಲಸ ಬಿದ್ದಿತ್ತು, ಮೈಸೂರು ಪಾಕ್ ತಿಂದುಕೊಂಡು ಬರೆದಿದ್ದೆ. ತಪ್ಪು ಎಂದು ನಮಗ್ಯಾರಿಗೂ ಅನಿಸಿರಲಿಲ್ಲ. ಒಗ್ಗಟ್ಟು ಅಂದುಕೊಂಡಿದ್ದೆವು.

ಇವತ್ತಿನ ಕಾಯ್ದೆಯಲ್ಲಿ ಅದಕ್ಕೆ ಬೇರೆ ಹೆಸರು. ಸ್ಪರ್ಧಿಗಳು ಕೂಡಿ ರೇಟು ಗೊತ್ತು ಮಾಡುವುದು, ಸರಬರಾಜು ಕಟ್ಟಿಹಾಕುವುದು, ಮಾರುಕಟ್ಟೆ ಹಂಚಿಕೊಳ್ಳುವುದು, ಇವು ನಡೆದವೆಂದು ತೋರಿದರೆ ಸಾಕು, ಸ್ಪರ್ಧೆಗೆ ಹಾನಿಯಾಗಿದೆ ಎಂದು ಕಾನೂನು ತಾನಾಗಿಯೇ ಭಾವಿಸುತ್ತದೆ. ಹಾನಿ ಆಗಿಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ. ದಂಡ ಸಂಘಕ್ಕೆ ಮಾತ್ರವಲ್ಲ, ಹೊಣೆಗಾರರಾದ ಪದಾಧಿಕಾರಿಗಳ ಸ್ವಂತ ಆದಾಯದ ಮೇಲೂ ಬೀಳಬಹುದು. ಅದೇ ವ್ಯಾಪಾರದಲ್ಲಿ ಇಲ್ಲದವನೂ ಕೂಟಕ್ಕೆ ನೆರವಾಗಿ ಪಾಲ್ಗೊಂಡಿದ್ದರೆ ಅವನನ್ನೂ ಪಾಲುದಾರ ಎಂದು ಪರಿಗಣಿಸಬಹುದೆಂದು 2023ರ ತಿದ್ದುಪಡಿ ಸೇರಿಸಿದೆ. ಅದನ್ನು ಓದಿದಾಗ ನನ್ನ ಕೈಬರಹ ನೆನಪಾಗಿ ಸಣ್ಣಗೆ ಬೆವರಿದೆ.

ಇದು ದೂರದ ಮಾತಲ್ಲ. ಹೊಸ ಸ್ಟಾಕಿಸ್ಟ್ ನೇಮಿಸಲು ಸಂಘದ ಎನ್‌ಒಸಿ ಬೇಕು ಎಂಬ ಪದ್ಧತಿಗಾಗಿ ನಮ್ಮ ರಾಜ್ಯದ ಔಷಧ ವ್ಯಾಪಾರಿಗಳ ಸಂಘದ ವಿರುದ್ಧ ಆಯೋಗ 2016ರಲ್ಲಿ ಆದೇಶ ಮಾಡಿದೆ. ದೂರು ಕೊಟ್ಟದ್ದು ಬೆಂಗಳೂರಿನದೇ ಒಂದು ಔಷಧ ವ್ಯಾಪಾರಿ ಸಂಸ್ಥೆ. ಇನ್ನೂ ಹತ್ತಿರದ್ದು ಬೇಕೆಂದರೆ ಡಬ್ಬಿಂಗ್. ಕನ್ನಡಕ್ಕೆ ಡಬ್ ಆದ ಚಿತ್ರ, ಧಾರಾವಾಹಿ ಬರದಂತೆ ದಶಕಗಳಿಂದ ತಡೆದಿದ್ದಕ್ಕೆ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಗಳಿಗೆ 2015ರ ಜುಲೈನಲ್ಲಿ ಎಲ್ಲ ಸೇರಿ ಸುಮಾರು 20 ಲಕ್ಷ ರೂಪಾಯಿ ದಂಡ ಬಿತ್ತು. ದೂರು ಕೊಟ್ಟವರು ಕನ್ನಡದ ಗ್ರಾಹಕರೇ. ನಾನು ಆ ಕಾಲದಲ್ಲಿ ಡಬ್ಬಿಂಗ್ ವಿರೋಧಿಯಾಗಿದ್ದವನು, ಈಗಲೂ ಪೂರ್ತಿ ಮನಸ್ಸು ಬದಲಾಗಿಲ್ಲ. ಆದರೆ ಕಾಯ್ದೆ ನಮ್ಮ ಭಾಷಾಭಿಮಾನವನ್ನು ಕೇಳಲಿಲ್ಲ, ನೋಡುಗನಿಗೆ ಆಯ್ಕೆ ಇತ್ತೇ ಎಂದಷ್ಟೇ ಕೇಳಿತು. ನಿಮ್ಮ ವಿಷಯದಲ್ಲೂ ಅದು ಕೇಳುವುದು ಗಿರಾಕಿಯ ಹೆಸರಿನಲ್ಲೇ.

ಒಗ್ಗಟ್ಟು ಎಷ್ಟು ದಿನ ಉಳಿಯುತ್ತದೆ ಎಂಬುದಕ್ಕೆ ಬಿಯರ್ ಕಂಪನಿಗಳ ಕತೆ ಸಾಕು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸೇರಿ ಮೂರು ಕಂಪನಿಗಳು ತಮ್ಮ ಸಂಘದ ವೇದಿಕೆಯನ್ನೇ ಬಳಸಿಕೊಂಡು ರೇಟಿನ ಮಾತಾಡಿಕೊಂಡಿದ್ದವು. ಅವರಲ್ಲೊಬ್ಬರು ಮೊದಲು ಹೋಗಿ ಆಯೋಗದ ಮುಂದೆ ಎಲ್ಲ ಹೇಳಿದರು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 873 ಕೋಟಿ ದಂಡ ಬಿದ್ದಾಗ ಮೊದಲು ಬಾಯಿಬಿಟ್ಟ ಕಂಪನಿಗೆ ಪೂರ್ತಿ ಮಾಫಿ, ಯುನೈಟೆಡ್ ಬ್ರೂವರೀಸ್‌ಗೆ 751 ಕೋಟಿಗೂ ಹೆಚ್ಚು. ಮೊದಲು ಬಂದವನಿಗೆ ಪೂರ್ತಿ, ಎರಡನೆಯವನಿಗೆ ಅರ್ಧದವರೆಗೆ, ಮೂರನೆಯವನಿಗೆ ಶೇ 30ರವರೆಗೆ ರಿಯಾಯಿತಿ ಎಂಬುದು ನಿಯಮ. 2024ರಿಂದ, ಒಂದು ಕೂಟದ ತನಿಖೆ ನಡೆಯುವಾಗಲೇ ಇನ್ನೊಂದು ಕೂಟದ ಸುದ್ದಿ ಕೊಟ್ಟರೆ ಮತ್ತಷ್ಟು ಲಾಭ. ಇಪ್ಪತ್ತು ಸಹಿ ಹಾಕಿದವರಲ್ಲಿ ಮೊದಲು ದೆಹಲಿ ರೈಲು ಹತ್ತುವವರು ಯಾರು ಎಂದು ನಿಮ್ಮ ನಿಮ್ಮಲ್ಲೇ ಊಹಿಸಿಕೊಳ್ಳಿ.

ನಿಮ್ಮ ದೂರಿನ ಕಡತ ಆಯೋಗಕ್ಕೆ ಹೋದರೆ ಎದುರು ಪಕ್ಷದ ವಕೀಲರು ಮೊದಲು ತೆರೆಯುವುದು ನಿಮ್ಮ ಆ ಬಹಿಷ್ಕಾರದ ನಿರ್ಣಯವನ್ನೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಗುತ್ತದೆ. ಡಿಸ್ಟ್ರಿಬ್ಯೂಟರುಗಳ ಅಖಿಲ ಭಾರತ ಒಕ್ಕೂಟ 2024ರಲ್ಲಿ ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಈ ಕ್ವಿಕ್ ಕಾಮರ್ಸ್ ಕಂಪನಿಗಳ ಬಗ್ಗೆ ಆಯೋಗಕ್ಕೆ ಬರೆದಿದೆ, ಆಮೇಲೆ ವಿಧಿವತ್ತಾಗಿ ದೂರನ್ನೂ ಕೊಟ್ಟಿದೆ. ಅದು ನಿಲ್ಲಬೇಕಾದರೆ ಊರೂರಿನಿಂದ ಕಾಗದ ಬೇಕು. ಘೋಷಣೆ ಬೇಡ.

ಆದ್ದರಿಂದ ಒಂದು ಬೇಡಿಕೆ. ಚಪ್ಪಾಳೆ ಬಿದ್ದ ಆ ನಿರ್ಣಯವನ್ನು ಇನ್ನೂ ಪುಸ್ತಕಕ್ಕೆ ಏರಿಸಿಲ್ಲವಾದರೆ ಕೈಬಿಡಿ. ಏರಿಸಿದ್ದರೆ, ವಾಪಸು ಪಡೆದಿದ್ದೇವೆ ಎಂದು ಮುಂದಿನ ಸಭೆಯಲ್ಲಿ ದಾಖಲಿಸಿ. ಹರಿದು ಮಾತ್ರ ಹಾಕಬೇಡಿ, ಹರಿದ ಪುಟ ಇದ್ದ ಪುಟಕ್ಕಿಂತ ಜೋರಾಗಿ ಮಾತಾಡುತ್ತದೆ. ಅದರ ಬದಲು ಒಂದೊಂದು ಅಂಗಡಿಯವರೂ ಒಂದು ಫೈಲು ಮಾಡಿ. ಯಾವ ಮಾಲು, ಯಾವ ತಾರೀಖು, ನಿಮ್ಮ ಪರ್ಚೇಸ್ ಬಿಲ್ಲಿನ ರೇಟು ಎಷ್ಟು, ಅದೇ ದಿನ ಆ್ಯಪ್‌ನಲ್ಲಿ ಎಷ್ಟು, ಯಾವ ಪ್ಯಾಕ್ ನಿಮಗೆ ಕೊಡಲಿಲ್ಲ, ಕೊಡುವುದಿಲ್ಲವೆಂದು ಕಂಪನಿಯವರು ಬರೆದು ತಿಳಿಸಿದ ಮೆಸೇಜು. ಫೋನಿನ ಪರದೆಯ ಚಿತ್ರ ತೆಗೆಯುವುದು ಗೊತ್ತಿಲ್ಲದಿದ್ದರೆ ಮೊಮ್ಮಕ್ಕಳನ್ನು ಕೇಳಿ. ಒಬ್ಬೊಬ್ಬರು ತಂತಮ್ಮ ಮಾಹಿತಿಯನ್ನು ವಕೀಲರಿಗೆ ಕೊಡಿ, ಮುಂದಕ್ಕೆ ಯಾವ ರೇಟಿಗೆ ಮಾರುತ್ತೀರಿ ಎಂಬುದನ್ನು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಡಿ.

ಮುಂದಿನ ಸಭೆಗೆ ನಾನೂ ಬರುತ್ತೇನೆ. ನಡಾವಳಿ ಬರೆಯುವವರು ಸಿಗದಿದ್ದರೆ ನಾನೇ ಬರೆಯುತ್ತೇನೆ, ಆದರೆ ಈ ಸಲ ಏನು ಬರೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇಂತಿ,
ನಿಮ್ಮ ಹಳೆಯ ಲೆಕ್ಕದವನು